ಬರ್ಫಿನ ಮ್ಯಾಲಿನ ಹಾಕಿ: ಯುರೋಪಿನ ಚಾಂಪಿಯನ್ ಯಾರು?

ಸೇಡಂ ರಸ್ತಾದಾಗ ಬ್ಯಾಸಗಿ ಬಿಸಿಲು 40 ಡಿಗ್ರಿ ದಾಟ್ತದ.
ಇಲ್ಲಿಂದಲೇ ಒಂದು ಪ್ರಶ್ನೆ.
ಬರ್ಫಿನ ಮ್ಯಾಲೆ ಆಡೋ ಹಾಕಿಯೊಳಗ
ಯುರೋಪಿನ ಚಾಂಪಿಯನ್ ಹ್ಯಾಂಗ ಆಗ್ತಾರ?

ಇದು ಐಸ್ ಹಾಕಿ.
ಇಲ್ಲಿ ಚೆಂಡಿಲ್ಲ, ಗಟ್ಟಿ ರಬ್ಬರಿನ ಬಿಲ್ಲೆ. ಹೆಸರು ಪಕ್.
ಪೌಡರ್ ಹಾಕಿದ ಕೇರಂ ಬೋರ್ಡಿನ ಮ್ಯಾಲೆ
ಸ್ಟ್ರೈಕರ್ ಜಾರಿದಂಗ ಸರ್ರಂತ ಓಡ್ತದ!

2023–24ರ ಚಾಂಪಿಯನ್ಸ್ ಹಾಕಿ ಲೀಗ್ ನೋಡ್ರಿ.
ಯುರೋಪಿನ 24 ಕ್ಲಬ್.
ಪ್ರತಿ ತಂಡಕ್ಕ ಆರು ಪಂದ್ಯ,
ಆರು ಬ್ಯಾರೆ ಬ್ಯಾರೆ ಎದುರಾಳಿ.
ಎಲ್ಲರಿಗೂ ಒಂದೇ ಅಂಕಪಟ್ಟಿ.
ಮೊದಲ 16 ಮುಂದಕ್ಕ, ಉಳಿದವರು ಮನಿಗೆ.

ಫೈನಲ್ ಜಿನೀವಾದಾಗ, 2024ರ ಫೆಬ್ರವರಿ 20.
ಸ್ವೀಡನ್ನಿನ ಷೆಲೆಫ್ಟಿಯೊ ವಿರುದ್ಧ
ತವರಿನ ಜಿನೀವ್-ಸೆರ್ವೆಟ್.
3–2. ಕಪ್ ತವರಿನವರಿಗೇ!

ನಮಗೇನು ಸಂಬಂಧ ಅಂತೀರೇನು?
2025ರ ಏಷ್ಯಾ ಕಪ್‌ನ್ಯಾಗ
ಭಾರತದ ಮಹಿಳಾ ಐಸ್ ಹಾಕಿ ತಂಡ ಕಂಚು ಗೆದ್ದದ.
ಅವರ ಪಂದ್ಯ ಹುಡುಕಿ ನೋಡ್ರಿ,
ಜೋರಾಗಿ ಚಪ್ಪಾಳಿ ಹೊಡೀರಿ!