ದಿಲ್ಲಿಯ ಇಗರ್ಜಿಗೆ ಬಂದ ನಮ್ಮೂರ ತೆನೆ

ದಿಲ್ಲಿಗೆ ಬಂದು ನೆಲೆಸಿದ ಕನ್ನಡಿಗರು ಊರಿನಿಂದ ಏನೇನು ತಂದರು ಎಂದು ಲೆಕ್ಕ ಹಾಕಿದರೆ ಸಾರಿನ ಪುಡಿ, ಹಪ್ಪಳ, ದೋಸೆ ಕಾವಲಿಗಳ ಜೊತೆಗೆ ಹಬ್ಬಗಳನ್ನೂ ಪಟ್ಟಿಗೆ ಸೇರಿಸಬೇಕಾಗುತ್ತದೆ. ಯುಗಾದಿ, ಗೌರಿ-ಗಣೇಶ, ರಾಜ್ಯೋತ್ಸವಗಳ ವಿಚಾರ ಈ ಪತ್ರಿಕೆಯ ವಾಚಕರಿಗೆ ಹೊಸದಲ್ಲ. ಆದರೆ ನಮ್ಮ ನಡುವೆಯೇ ಇರುವ ಕ್ರೈಸ್ತ ಕುಟುಂಬಗಳು ಇಲ್ಲಿ ವರ್ಷವನ್ನು ಹೇಗೆ ಕಳೆಯುತ್ತವೆ, ಯಾವ ಹಬ್ಬವನ್ನು ಊರಿನಿಂದ ಹೊತ್ತು ತಂದಿವೆ ಎಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು. ಡಿಸೆಂಬರಿನಲ್ಲಿ ಕೇಕು ಬಂದರೆ ತಿಂದು, ಶುಭಾಶಯ ಹೇಳಿ ಸುಮ್ಮನಾಗುವವರೇ ಹೆಚ್ಚು. ನಾನು ಆ ಮತದವನಲ್ಲ. ಕಚೇರಿಯ ಗೆಳೆತನದಿಂದಲೂ ನೆರೆಹೊರೆಯ ಬಳಕೆಯಿಂದಲೂ ಕಂಡುದನ್ನು, ಕೇಳಿ ಓದಿ ತಿಳಿದುದನ್ನು ಇಲ್ಲಿ ನಾಲ್ಕು ಮಾತಿನಲ್ಲಿ ಬರೆಯುತ್ತಿದ್ದೇನೆ.

ಗೋಲ್ ಡಾಕ್‌ಖಾನಾದ ಬಳಿ ಹಾದುಹೋಗುವವರೆಲ್ಲ ಸೇಕ್ರೆಡ್ ಹಾರ್ಟ್ ಕೆಥೆಡ್ರಲ್ ಎಂಬ ದೊಡ್ಡ ಇಗರ್ಜಿಯನ್ನು ನೋಡಿಯೇ ಇರುತ್ತಾರೆ. ಹೊಸದಿಲ್ಲಿಯ ಕಟ್ಟಡಗಳು ಏಳುತ್ತಿದ್ದಾಗಲೇ, ೧೯೨೯ರಲ್ಲಿ, ಅದಕ್ಕೆ ಅಡಿಗಲ್ಲು ಬಿತ್ತು. ಅದರ ನಕ್ಷೆ ಮಾಡಿದವರು ಹೆನ್ರಿ ಮೆಡ್. ರಾಷ್ಟ್ರಪತಿ ಭವನದ ಸಮೀಪದ ಚರ್ಚ್ ಆಫ್ ರಿಡೆಂಪ್ಷನ್ ಕೂಡ ಅವರದೇ ಕೈಕೆಲಸ. ಮೊದಲನೆಯದು ರೋಮನ್ ಕೆಥೊಲಿಕರದು, ಎರಡನೆಯದು ಪ್ರಾಟೆಸ್ಟಂಟರದು. ಇವೆರಡಕ್ಕಿಂತಲೂ ಬಹಳ ಹಳೆಯದು ಕಾಶ್ಮೀರಿ ಗೇಟಿನ ಸೇಂಟ್ ಜೇಮ್ಸ್ ಇಗರ್ಜಿ. ಜೇಮ್ಸ್ ಸ್ಕಿನ್ನರ್ ಕಟ್ಟಿಸಿದ ಅದು ೧೮೩೬ರಲ್ಲಿ ಪ್ರತಿಷ್ಠೆಗೊಂಡಿತು. ಈಗಂತೂ ದ್ವಾರಕಾ, ನೋಯ್ಡಾ, ಗುರುಗ್ರಾಮ, ಫರೀದಾಬಾದುಗಳಲ್ಲೆಲ್ಲ ಇಗರ್ಜಿಗಳಿವೆ. ನಮ್ಮ ಕರಾವಳಿಯ ಕೆಥೊಲಿಕ ಕುಟುಂಬಗಳು ಆಯಾ ಬಡಾವಣೆಯ ಇಗರ್ಜಿಗೆ ಹೋಗುತ್ತವೆ. ಮಂಗಳೂರಿನಲ್ಲಿ ಹುಟ್ಟಿದ ವಿನ್ಸೆಂಟ್ ಕೊನ್ಸೆಸಾವೊ ಅವರು ೨೦೦೦ದಿಂದ ೨೦೧೨ರ ವರೆಗೆ ದಿಲ್ಲಿಯ ಮಹಾಧರ್ಮಾಧ್ಯಕ್ಷರಾಗಿದ್ದರೆಂಬುದನ್ನೂ ಇಲ್ಲಿ ನೆನೆಯಬಹುದು.

ಕ್ರೈಸ್ತರ ಪೂಜಾವರ್ಷ ಮೊದಲಾಗುವುದು ಜನವರಿಯಲ್ಲಿ ಅಲ್ಲ. ಕ್ರಿಸ್ತಜಯಂತಿಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲದಿಂದ ಅದು ಆರಂಭ. ದಿಲ್ಲಿಯಲ್ಲಿ ರಜಾಯಿ ಹೊರಬೀಳುವ ಕಾಲವೂ ಅದೇ. ಮಂಗಳೂರಿನಲ್ಲಿ ಕ್ರಿಸ್ಮಸ್ ರಾತ್ರಿ ತೆಳುವಾದ ಅಂಗಿ ತೊಟ್ಟು ಇಗರ್ಜಿಯ ಅಂಗಳದಲ್ಲಿ ನಿಂತವರು ಇಲ್ಲಿ ಉಣ್ಣೆಯ ಟೋಪಿ, ಕೋಟು, ಮಫ್ಲರುಗಳ ಒಳಗಿನಿಂದ ಹಾಡಬೇಕು. ಬೆತ್ಲೆಹೇಮಿನ ದನದ ಕೊಟ್ಟಿಗೆಯಲ್ಲಿ ಮಗುವಿಗೆ ಚಳಿಯಾಯಿತೆಂದು ಹೇಳುವಾಗ ಊರಿನ ಮಕ್ಕಳಿಗಿಂತ ದಿಲ್ಲಿಯ ಮಕ್ಕಳಿಗೇ ಅದು ಚೆನ್ನಾಗಿ ಅರ್ಥವಾಗುತ್ತದೆ ಎಂದು ಒಬ್ಬ ತಾಯಿ ನಕ್ಕು ಹೇಳಿದ್ದುಂಟು. ಮನೆಗಳಲ್ಲಿ ಕುಸ್ವಾರ್ ತಯಾರಾಗುವುದೂ ಆಗಲೇ. ನೆವ್ರಿ, ಕಿಡಿಯೊ, ಗುಳಿಯೊ, ಅಕ್ಕಿಯ ಲಾಡು, ಚಕ್ಕುಲಿ ಎಲ್ಲ ಸೇರಿದ ತಟ್ಟೆಗೆ ಆ ಹೆಸರು. ದೀಪಾವಳಿಯಲ್ಲಿ ನಾವು ಕೊಟ್ಟ ತಟ್ಟೆ ಡಿಸೆಂಬರಿನಲ್ಲಿ ತುಂಬಿ ಹಿಂತಿರುಗುತ್ತದೆ. ಡಿಸೆಂಬರ್ ೨೫ರಂದು ಗೋಲ್ ಡಾಕ್‌ಖಾನಾದ ಇಗರ್ಜಿಯ ಮುಂದೆ ನಿಲ್ಲುವ ಜನರಲ್ಲಿ ಅನ್ಯಮತೀಯರೇ ಬಹುಮಂದಿ.

ಈಸ್ಟರ್ ಹಬ್ಬದ ತಾರೀಖು ಪ್ರತಿವರ್ಷ ಬದಲಾಗುವುದೇಕೆಂದು ನಮ್ಮವರು ಕೇಳುವುದುಂಟು. ಪಂಚಾಂಗ ನೋಡಿ ಬಲ್ಲವರಿಗೆ ಇದು ಕಷ್ಟವಲ್ಲ. ಮಾರ್ಚ್ ೨೧ರಂದು ಅಥವಾ ಅನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರವೇ ಈಸ್ಟರ್. ಹೀಗಾಗಿ ಅದು ಮಾರ್ಚ್ ೨೨ರಿಂದ ಏಪ್ರಿಲ್ ೨೫ರ ಒಳಗೆ ಬೀಳುತ್ತದೆ. ನಮ್ಮ ಯುಗಾದಿಯಂತೆ ಅದೂ ಚಂದ್ರನನ್ನು ಕೇಳಿಯೇ ಬರುವ ಹಬ್ಬ. ಅದಕ್ಕೆ ೪೬ ದಿನ ಮೊದಲು ವಿಭೂತಿ ಬುಧವಾರ. ನಡುವಿನ ಭಾನುವಾರಗಳನ್ನು ಕಳೆದರೆ ೪೦ ದಿನಗಳ ತಪಸ್ಸಿನ ಕಾಲ ಉಳಿಯುತ್ತದೆ. ಹಿಂದಿನ ವರ್ಷ ಗರಿಗಳ ಭಾನುವಾರದಂದು ಮಂತ್ರಿಸಿಕೊಟ್ಟ ಗರಿಗಳನ್ನು ಸುಟ್ಟು ಮಾಡಿದ ಬೂದಿಯನ್ನು ಪಾದ್ರಿಗಳು ಹಣೆಗೆ ಹಚ್ಚುತ್ತಾರೆ. ಊರಿನಲ್ಲಾದರೆ ತೆಂಗಿನ ಎಳೆಯ ಗರಿ ಹಿತ್ತಲಲ್ಲೇ ಸಿಕ್ಕುತ್ತಿತ್ತು. ದಿಲ್ಲಿಯಲ್ಲಿ ಬೂರುಗದ ಮರಗಳು ಕೆಂಪು ಹೂ ಬಿಡುವಾಗ ಈ ಉಪವಾಸ ನಡೆಯುತ್ತದೆ. ಶುಭ ಶುಕ್ರವಾರದ ಮಧ್ಯಾಹ್ನ ಮೂರು ಗಂಟೆಯ ಆರಾಧನೆಗೆ ಬರುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಈಸ್ಟರ್ ತಡವಾಗಿ ಬಂದ ವರ್ಷ ಹರಿಯಾಣದ ಹೊಲಗಳಲ್ಲಿ ಗೋಧಿ ಕೊಯ್ಲೂ ನಡೆದಿರುತ್ತದೆ. ಈ ಸೀಮೆಯ ಸುಗ್ಗಿ ಆಗಲೇ.

ನಮ್ಮ ಕರಾವಳಿಯ ಕುಟುಂಬಗಳು ಮಾತ್ರ ಸುಗ್ಗಿಯ ಹಬ್ಬವನ್ನು ಗೋಧಿಗೆ ಜೋಡಿಸಿಲ್ಲ. ಅವರದು ಭತ್ತದ ತೆನೆಯ ಹಬ್ಬ, ಅದು ಬರುವುದು ಸೆಪ್ಟೆಂಬರ್ ೮ರಂದು. ಕನ್ಯಾ ಮರಿಯಮ್ಮನವರ ಜನ್ಮದಿನವಾದ ಆ ದಿನವನ್ನು ಮಂಗಳೂರು ಉಡುಪಿ ಕಡೆಯ ಕೊಂಕಣಿ ಕೆಥೊಲಿಕರು ಮೊಂತಿ ಹಬ್ಬವೆಂದೂ, ಕನ್ನಡದಲ್ಲಿ ತೆನೆಹಬ್ಬವೆಂದೂ ಕರೆಯುತ್ತಾರೆ. ಮೊಂತಿ ಎಂಬುದು ಗುಡ್ಡ ಎಂಬರ್ಥದ ಪೋರ್ಚುಗೀಸ್ ಮಾತಿನಿಂದ ಬಂದುದೆಂದು ಹೇಳಿ, ನೇತ್ರಾವತಿಯ ದಡದ ಫರಂಗಿಪೇಟೆಯ ಗುಡ್ಡದ ಮೇಲಿರುವ ಮೊಂತೆ ಮರಿಯಾನೊ ಇಗರ್ಜಿಯೊಂದಿಗೆ ಅದನ್ನು ಹೆಣೆಯುತ್ತಾರೆ.

ಈ ಹಬ್ಬದ ಕ್ರಮ ಬಹಳ ಸೊಗಸಾಗಿದೆ. ಮೊದಲು ಒಂಬತ್ತು ದಿನ ಪ್ರಾರ್ಥನೆ. ದಿನವೂ ಮಕ್ಕಳು ತಟ್ಟೆ ಬುಟ್ಟಿಗಳಲ್ಲಿ ಹೂ ತಂದು ಬಾಲೆ ಮರಿಯಳ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ತೆನೆಗಳನ್ನು ಪಾದ್ರಿಗಳು ಆಶೀರ್ವದಿಸಿ, ಮೆರವಣಿಗೆಯಲ್ಲಿ ಇಗರ್ಜಿಗೆ ತಂದು, ಬಲಿಪೂಜೆಯ ನಂತರ ಮನೆಮನೆಗೆ ಹಂಚುತ್ತಾರೆ. ಹೂ ತಂದ ಮಕ್ಕಳಿಗೆ ಕಬ್ಬು ಸಿಕ್ಕುತ್ತದೆ. ಮನೆಯಲ್ಲಿ ಆ ತೆನೆಯ ಕಾಳನ್ನು ಸುಲಿದು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ, ಹಿರಿಯರು ಪ್ರಾರ್ಥನೆ ಹೇಳಿ, ಎಲ್ಲರೂ ಸೇವಿಸುತ್ತಾರೆ. ಇದಕ್ಕೆ ‘ನೊವೆಂ’, ಅಂದರೆ ಹೊಸತು, ಎಂದು ಹೆಸರು. ಅಂದಿನ ಊಟ ಬಾಳೆಲೆಯ ಮೇಲೆ, ಅದೂ ಸಂಪೂರ್ಣ ಸಸ್ಯಾಹಾರ. ಮೀನಿಲ್ಲದೆ ಅನ್ನ ಇಳಿಯದೆನ್ನುವ ಮನೆಗಳಲ್ಲಿಯೂ ಅಂದು ಮೀನಿಲ್ಲ! ಪಲ್ಯ ಪದಾರ್ಥಗಳು ಮೂರು, ಐದು, ಏಳು ಹೀಗೆ ಬೆಸ ಸಂಖ್ಯೆಯಲ್ಲಿರಬೇಕು. ಹರಿವೆ ದಂಟು, ಅಮಟೆಕಾಯಿ ಹಾಕಿದ ಕೆಸು, ಬೆಂಡೆ, ಹೀರೆ, ತೊಂಡೆ, ಹಾಗಲ, ಕೊನೆಗೆ ಬೇಳೆ ಬೆಲ್ಲ ತೆಂಗಿನಹಾಲಿನ ‘ವೊರ್ನ್’ ಎಂಬ ಪಾಯಸ.

ಇದನ್ನು ಓದುವಾಗ ತುಳುನಾಡಿನ ಮನೆಗಳಲ್ಲಿ ಬಾಗಿಲಿಗೆ ಕದಿರು ಕಟ್ಟಿ ಹೊಸ ಅಕ್ಕಿ ಉಣ್ಣುವುದೂ, ಕೊಡಗಿನ ಹುತ್ತರಿಯೂ ವಾಚಕರಿಗೆ ನೆನಪಾಗದೆ ಇರದು. ಮತ ಬೇರೆಯಾದರೂ ಗದ್ದೆ ಒಂದೇ, ಮಳೆ ಒಂದೇ. ಹೊಸ ಬೆಳೆಯನ್ನು ದೇವರಿಗೆ ತೋರಿಸದೆ ಉಣ್ಣಬಾರದೆಂಬ ಭಾವನೆಯೂ ಒಂದೇ.

ಹಾಗಾದರೆ ಗದ್ದೆಯಿಲ್ಲದ ದಿಲ್ಲಿಯಲ್ಲಿ ತೆನೆಹಬ್ಬ ನಡೆಯುವುದು ಹೇಗೆ? ಮೊದಲನೆಯ ತೊಡಕು ರಜೆಯದು. ಶುಭ ಶುಕ್ರವಾರಕ್ಕೂ ಕ್ರಿಸ್ಮಸಿಗೂ ಕೇಂದ್ರ ಸರ್ಕಾರದ ರಜೆಯುಂಟು. ಸೆಪ್ಟೆಂಬರ್ ೮ಕ್ಕೆ ಇಲ್ಲ. “ನಮ್ಮ ಹಬ್ಬ ಸರಕಾರದ ಪಟ್ಟಿಯಲ್ಲಿಲ್ಲ ಮಾರಾಯ್ರೆ, ನನ್ನ ಸಿ.ಎಲ್. ಅರ್ಜಿಯಲ್ಲಿ ಮಾತ್ರ ಉಂಟು” ಎನ್ನುತ್ತಾರೆ ನಮ್ಮ ಕಚೇರಿಯ ಹಿರಿಯ ಮಿತ್ರರೊಬ್ಬರು. ಆದುದರಿಂದ ವಾರದ ನಡುವೆ ಹಬ್ಬ ಬಂದರೆ ಒಟ್ಟಾಗಿ ಆಚರಿಸುವುದನ್ನು ಸಮೀಪದ ಭಾನುವಾರಕ್ಕೆ ಇಟ್ಟುಕೊಳ್ಳುವುದುಂಟು. ಎರಡನೆಯ ತೊಡಕು ತೆನೆಯದು. ಕರ್ನಾಲ್ ಕಡೆಯ ಗದ್ದೆಗಳಲ್ಲಿ ಭತ್ತವೇನೋ ಇದೆ, ಆದರೆ ಕೊಯ್ಲಿಗೆ ಇನ್ನೂ ದಿನವಿರುತ್ತದೆ. ಹಸಿರು ತೆನೆಯನ್ನೇ ಕೇಳಿ ತರಬೇಕು, ಇಲ್ಲವೇ ಊರಿನಿಂದ ಬರುವವರ ಕೈಯಲ್ಲಿ ತರಿಸಬೇಕು. ೧೯೯೮ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾಗಿ ತೆರೆದ ಮೇಲೆ ಊರು ಹತ್ತಿರವಾಗಿದೆ. ನಿಜಾಮುದ್ದೀನಿನಲ್ಲಿ ಇಳಿಯುವ ಚೀಲಗಳಲ್ಲಿ ಕೆಲವೊಮ್ಮೆ ಅಮಟೆಕಾಯಿಯೂ ಇರುತ್ತದೆ. ಬಾಳೆಲೆ, ಕೆಸುವಿಗೆ ಐ.ಎನ್.ಎ. ಮಾರುಕಟ್ಟೆ ಇದ್ದೇ ಇದೆ.

ಇವೆಲ್ಲಕ್ಕಿಂತ ಹಳೆಯ ಉಪಾಯವೊಂದಿದೆ. ಊರಿನ ಇಗರ್ಜಿಯಲ್ಲಿ ಆಶೀರ್ವಾದ ಪಡೆದ ತೆನೆಯ ನಾಲ್ಕು ಕಾಳುಗಳನ್ನು ಲಕೋಟೆಯಲ್ಲಿಟ್ಟು, ಮುಂಬಯಿಯಲ್ಲೋ ಕೊಲ್ಲಿ ದೇಶಗಳಲ್ಲೋ ದಿಲ್ಲಿಯಲ್ಲೋ ಇರುವ ಮಕ್ಕಳಿಗೆ ಅಂಚೆಯಲ್ಲಿ ಕಳುಹಿಸುವ ಪದ್ಧತಿ ಅದು. ಮಗ ಊಟಕ್ಕೆ ಬರಲಾರ, ಆದರೆ ಮನೆಯ ಹೊಸ ಕಾಳಿನಲ್ಲಿ ಅವನ ಪಾಲು ತಪ್ಪಬಾರದು. ಲಕೋಟೆ ಹಬ್ಬ ಮುಗಿದು ವಾರದ ಮೇಲೆ ತಲುಪಿದರೂ ಚಿಂತೆಯಿಲ್ಲ; ತಲುಪಿದ ದಿನವೇ ಹಾಲಿಗೆ ಬೆರೆಸಿ ಕುಡಿದರಾಯಿತು. ದಿನವಿಡೀ ಕಡತಗಳ ನಡುವೆ ಕುಳಿತು ಸಾವಿರಾರು ಲಕೋಟೆಗಳನ್ನು ನೋಡುವ ನನಗೆ ಇದಕ್ಕಿಂತ ಬೆಲೆಯುಳ್ಳ ಲಕೋಟೆ ಇನ್ನೊಂದು ಇರಲಾರದೆನಿಸುತ್ತದೆ.

ದಿಲ್ಲಿಯಲ್ಲಿ ಈ ದಿನಕ್ಕೆ ಇನ್ನೊಂದು ವಿಶೇಷವೂ ಇದೆ. ತಮಿಳರಿಗೆ ಅದೇ ಸೆಪ್ಟೆಂಬರ್ ೮ ವೇಳಾಂಗಣಿ ಮಾತೆಯ ಹಬ್ಬ. ಕೇರಳದ ಸುರಿಯಾನಿ ಕ್ರೈಸ್ತರಿಗೆ ಸೆಪ್ಟೆಂಬರ್ ೧ರಿಂದ ೮ರ ವರೆಗಿನ ಎಂಟು ದಿನಗಳ ನೋಂಪಿ ಮುಗಿಯುವ ದಿನ. ಊರಿನಲ್ಲಿದ್ದಾಗ ಒಬ್ಬರ ಹಬ್ಬ ಇನ್ನೊಬ್ಬರಿಗೆ ತಿಳಿಯದು. ಇಲ್ಲಿ ಇಗರ್ಜಿಯ ಒಂದೇ ಬೆಂಚಿನಲ್ಲಿ ಕುಳಿತವರಲ್ಲಿ ಒಬ್ಬರಿಗೆ ತೆನೆ, ಒಬ್ಬರಿಗೆ ಹರಕೆ, ಮತ್ತೊಬ್ಬರಿಗೆ ಉಪವಾಸ.

ನಮ್ಮ ಪ್ರಾಟೆಸ್ಟಂಟ್ ಬಾಂಧವರ ವಿಚಾರವನ್ನೂ ಹೇಳದಿದ್ದರೆ ಈ ಲೇಖನ ಅರ್ಧವಾದೀತು. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಉಪಕಾರ ಕನ್ನಡಿಗರಿಗೆ ಗೊತ್ತೇ ಇದೆ. ೧೮೪೩ರ ‘ಮಂಗಳೂರ ಸಮಾಚಾರ’, ೧೮೯೪ರ ಕಿಟೆಲ್ ನಿಘಂಟು ಅವರ ಕಾಣಿಕೆಗಳು. ಮಂಗಳೂರು, ಧಾರವಾಡ, ಹುಬ್ಬಳ್ಳಿ, ಗದಗು-ಬೆಟಗೇರಿಗಳ ಈ ಸಭೆಗಳಲ್ಲಿ ಪ್ರಾರ್ಥನೆಯೂ ಹಾಡೂ ಕನ್ನಡದಲ್ಲೇ. ಸುಗ್ಗಿಯ ಆರಾಧನೆಗೆ ಸಭಿಕರು ತಮ್ಮ ಬೆಳೆಯ ಮೊದಲ ಪಾಲನ್ನು ತಂದೊಪ್ಪಿಸುತ್ತಾರೆ. ಆಮೇಲೆ ಅವುಗಳ ಹರಾಜು. ಒಂದು ಕುಂಬಳಕಾಯಿಗೆ ಹತ್ತು ಕುಂಬಳಕಾಯಿಯ ಬೆಲೆ ಬಂದರೂ ಆಶ್ಚರ್ಯವಿಲ್ಲ. ಊರಿನಲ್ಲಿ ೧೯೪೭ರಲ್ಲಿ ದಕ್ಷಿಣ ಭಾರತ ಸಭೆಯೂ, ಉತ್ತರದಲ್ಲಿ ೧೯೭೦ರಲ್ಲಿ ಉತ್ತರ ಭಾರತ ಸಭೆಯೂ ಏರ್ಪಟ್ಟುದರಿಂದ, ಧಾರವಾಡದವರು ದಿಲ್ಲಿಗೆ ವರ್ಗವಾಗಿ ಬಂದರೆ ಸಭೆಯ ಹೆಸರೂ ಬದಲು, ಭಾಷೆಯೂ ಬದಲು.

ಅಕ್ಟೋಬರ್ ಜಪಸರದ ತಿಂಗಳು. ಕೆಥೊಲಿಕರು ಒಂದು ಸಂಜೆ ಒಬ್ಬರ ಮನೆಯಲ್ಲಿ, ಮರುಸಂಜೆ ಇನ್ನೊಬ್ಬರ ಮನೆಯಲ್ಲಿ ಸೇರಿ ಜಪ ಮಾಡುತ್ತಾರೆ. ಹೊಸದಾಗಿ ವರ್ಗವಾಗಿ ಬಂದ ಕುಟುಂಬಕ್ಕೆ ಬಡಾವಣೆಯ ಪರಿಚಯವಾಗಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ನವೆಂಬರ್ ೨ ಮೃತರ ಸ್ಮರಣೆಯ ದಿನ. ಹೊಗೆ ಕವಿದ ದಿಲ್ಲಿಯ ಸಂಜೆಯಲ್ಲಿ ಸಮಾಧಿಗಳ ಮೇಲೆ ಚೆಂಡುಹೂ, ಮೇಣದ ಬತ್ತಿ. ಕೆಲವು ವರ್ಷವಿದ್ದು ಹೋಗಲೆಂದು ಬಂದವರ ತಂದೆತಾಯಿಗಳು ಇಲ್ಲಿಯೇ ಮಣ್ಣಾಗಿದ್ದಾರೆ. ನಮ್ಮವರನ್ನು ಹೂಳಿದ ಊರನ್ನು ಪರವೂರು ಎನ್ನುವುದು ಹೇಗೆ?

ಕೊನೆಗೆ, ನಮ್ಮ ಸಂಘ ಯೋಚಿಸಬೇಕಾದ ಒಂದು ಮಾತು. ಎರಡನೆಯ ವ್ಯಾಟಿಕನ್ ಮಹಾಸಭೆ ೧೯೬೩ರಲ್ಲಿ ಅನುಮತಿ ಕೊಟ್ಟ ಮೇಲೆ ಲ್ಯಾಟಿನ್ ಪೂಜೆ ಹೋಗಿ ಜನರ ಮಾತುಗಳಲ್ಲಿ ಪೂಜೆ ಬಂದಿತು. ಮಂಗಳೂರಿನಲ್ಲಿ ಅದು ಕೊಂಕಣಿ. ದಿಲ್ಲಿಯಲ್ಲಿ ಹೆಚ್ಚಾಗಿ ಇಂಗ್ಲಿಷು, ಹಿಂದಿ. ಮಂಗಳೂರಿನ ಕೆಥೊಲಿಕರು ಮನೆಯಲ್ಲಿ ಆಡುವ ಮಾತು ಕೊಂಕಣಿಯಾದರೂ ಅದನ್ನು ಬರೆಯುವುದು ಕನ್ನಡ ಲಿಪಿಯಲ್ಲಿ. ೧೯೩೮ರಲ್ಲಿ ಆರಂಭವಾದ ‘ರಾಕ್ಣೊ’ ಪತ್ರಿಕೆ, ಅಜ್ಜಿಯ ಜಪದ ಪುಸ್ತಕ, ಹಾಡಿನ ಪುಸ್ತಕ ಎಲ್ಲವೂ ನಮ್ಮ ಅಆಇಈ ಅಕ್ಷರಗಳಲ್ಲೇ. ದಿಲ್ಲಿಯಲ್ಲಿ ಹುಟ್ಟಿದ ಮಗುವಿಗೆ ಆ ಅಕ್ಷರ ಬಾರದು. ಅಜ್ಜಿ ಹೇಳಿಕೊಡುವವರೆಗೆ ಪ್ರಾರ್ಥನೆ ಬಾಯಿಗೆ ಬರುತ್ತದೆ. ಅಜ್ಜಿ ಹೋದ ಮೇಲೆ ಪುಸ್ತಕ ಕಪಾಟಿನಲ್ಲಿ ಉಳಿಯುತ್ತದೆ, ತೆರೆದು ಓದುವವರಿಲ್ಲ. ತೆನೆಯನ್ನು ಅಂಚೆಯಲ್ಲಿ ತರಿಸಬಹುದು. ಅಕ್ಷರವನ್ನು ಹಾಗೆ ತರಿಸಲಾಗದು, ಇಲ್ಲಿಯೇ ಬಿತ್ತಬೇಕು.

ಆದುದರಿಂದ ಮಕ್ಕಳಿಗೆ ಕನ್ನಡ ಕಲಿಸುವ ಏರ್ಪಾಡು ಎಲ್ಲೆಲ್ಲಿ ಇದೆಯೋ ಅಲ್ಲಿಗೆ ಈ ಮನೆಗಳ ಮಕ್ಕಳನ್ನೂ ನಾವೇ ಹೋಗಿ ಕರೆಯಬೇಕು. ಭಾನುವಾರ ಬೆಳಗ್ಗೆ ಅವರಿಗೆ ಪೂಜೆಯಿರುವುದರಿಂದ ಪಾಠವನ್ನು ಸಂಜೆಗೆ ಇಟ್ಟುಕೊಂಡರೆ ಎಲ್ಲರಿಗೂ ಅನುಕೂಲ. ಗಣೇಶನ ಹಬ್ಬವೂ ತೆನೆಹಬ್ಬವೂ ಒಂದೇ ಮಳೆಗಾಲದ ಕೊನೆಗೆ ಬರುತ್ತವೆ. ಕಡುಬಿನ ತಟ್ಟೆ ಹೊತ್ತು ಅವರ ಬಾಗಿಲಿಗೆ ಹೋದಾಗ, ನಿಮ್ಮ ಮನೆಗೆ ಈ ಸಲ ತೆನೆ ಬಂದಿತೇ ಎಂದು ಒಂದು ಮಾತು ಕೇಳಿ ನೋಡಿ. ಆ ಮನೆಯ ಹಿರಿಯರಿಗೆ ಎಷ್ಟು ಸಂತೋಷವಾಗುವುದೆಂದು ಹೇಳಬೇಕಾಗಿಲ್ಲ.