ಲೇಥಿನ ನೆಂಟಸ್ತಿಕೆ

ದಾವಣಗೆರೆ ಅಂದ್ರೆ ಬೆಣ್ಣೆದೋಸೆ, ಹರಿಹರ ಅಂದ್ರೆ ಹರಿಹರೇಶ್ವರ. ಸರಿ. ಆದರೆ ಹರಿಹರ ಅಂದ್ರೆ ಲೇಥ್ ಕೂಡ ಹೌದು, ಸ್ವಾಮಿ. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಬಾಗಿಲು ಹಾಕಿ ಎರಡು ದಶಕ ದಾಟಿತು. ಅದರ ಲೇಥುಗಳು ಮಾತ್ರ ವರ್ಕ್‌ಶಾಪುಗಳಲ್ಲಿ ಇನ್ನೂ ತಿರುಗ್ತಿವೆ.

ತಯಾರಿಸಿದ ಕಂಪನಿಯೇ ಇಲ್ಲ. ಹಾಗಾದ್ರೆ ಯಾವ ಬಿಡಿಭಾಗವನ್ನು ಮೊದಲೇ ಮಾಡಿಸಿ ಇಟ್ಕೋಬೇಕು? ಇದಕ್ಕೆ ಎಂಜಿನಿಯರ್‌ಗಳ ಹತ್ರ ನೆಟ್‌ವರ್ಕ್ ವಿಶ್ಲೇಷಣೆ ಅಂತ ಒಂದು ವಿದ್ಯೆ ಇದೆ. ಹೆಸರಿಗೆ ಹೆದರಬೇಡಿ. ಮದುವೆ ಮನೇಲಿ ಅಜ್ಜಿ ಕೂತು ಯಾರು ಯಾರಿಗೆ ಏನಾಗಬೇಕು ಅಂತ ಬಿಡಿಸಿ ಹೇಳ್ತಾಳಲ್ಲ, ಅದೇ ಕೆಲಸ. ಪ್ರತಿ ಭಾಗಕ್ಕೊಂದು ಚುಕ್ಕಿ. ಒಂದಕ್ಕೊಂದು ತಾಗಿದ್ರೆ ನಡುವೆ ಗೆರೆ. ಸಾವಿರ ಭಾಗ ಇದ್ರೆ ಆಗಬಹುದಾದ ಜೋಡಿ 4,99,500! ಅದಕ್ಕೇ ಕಂಪ್ಯೂಟರ್ ಬೇಕು.

ಲೇಥಿನ ಚಿತ್ರ ಬರೆದು ನೋಡಿ. ಹೆಚ್ಚು ಗೆರೆ ಬೀಳೋದು ಬೆಡ್‌ಗೆ. ಎಲ್ಲವೂ ಅದರ ಮೇಲೇ ಕೂತಿರೋದು. ಆದರೆ ಆ ಎರಕದ ದಿಮ್ಮಿ ಮುರಿಯೋದು ಅಪರೂಪ. ನೆಂಟರು ಜಾಸ್ತಿ ಇದ್ದವನೇ ಮುಖ್ಯಸ್ಥ ಅಲ್ಲ. ದಾರಿ ಹಿಡಿದು ಹೋಗಿ: ಸ್ಪಿಂಡಲ್, ಗೇರುಗಳು, ಲೀಡ್ ಸ್ಕ್ರೂ, ಹಾಫ್ ನಟ್, ಕ್ಯಾರೇಜ್, ಟೂಲ್. ಥ್ರೆಡ್ ಹಾಕುವಾಗ ಚಲನೆಗೆ ಇದೊಂದೇ ದಾರಿ. ಸಾದಾ ಟರ್ನಿಂಗ್‌ಗಾದರೆ ಫೀಡ್ ರಾಡ್ ಅನ್ನೋ ಬೇರೆ ದಾರಿ ಇದೆ. ಅಂದ್ರೆ ನಾಲ್ಕು ಗೆರೆಯೂ ಇಲ್ಲದ ಹಾಫ್ ನಟ್, ಹರಿಹರದ ತುಂಗಭದ್ರಾ ಸೇತುವೆ ಇದ್ದ ಹಾಗೆ. ಗಾತ್ರ ಚಿಕ್ಕದು, ಹೋದರೆ ಆಚೆ ದಡ ಇಲ್ಲ. (ಈ ಗಣಿತ ಹುಟ್ಟಿದ್ದೂ ಸೇತುವೆಯಿಂದಲೇ. ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳ ಒಗಟನ್ನು ಆಯ್ಲರ್ 1736ರಲ್ಲಿ ಬಿಡಿಸಿದ.)

ಚಿತ್ರಕ್ಕೆ ಗೊತ್ತಿಲ್ಲದ್ದೂ ಒಂದಿದೆ. ಯಾವುದು ಬೇಗ ಸವೆಯುತ್ತೆ ಅಂತ ಗೆರೆ ಹೇಳಲ್ಲ. ದುಬಾರಿ ಸ್ಕ್ರೂ ಉಳೀಲಿ ಅಂತ ನಟ್ಟನ್ನು ಮೆದು ಲೋಹದಲ್ಲಿ ಮಾಡಿರ್ತಾರೆ. ಸವೆಯೋದೇ ಅದರ ಕೆಲಸ! ಅದು ಎಷ್ಟು ಸವೆದಿದೆ ಅನ್ನೋದು ಹಿಡಿಕೆ ಹಾಕುವ ಟರ್ನರ್‌ನ ಕೈಗೆ ಗೊತ್ತು. ಹಾಗಾಗಿ ಪ್ರತಿ ಗೆರೆಯ ಪಕ್ಕ ಅವನ ಅನುಭವವನ್ನೂ ಬರೆಯಬೇಕು. ನನ್ನ ಪ್ರಕಾರ ಬರೀ ಕಂಪ್ಯೂಟರ್ ಚಿತ್ರ ಅರ್ಧ ಕೆಲಸ ಅಷ್ಟೇ.

ಆ ಟರ್ನರ್‌ಗಳಿಗೆ ವಯಸ್ಸಾಗ್ತಿದೆ. ಮಷೀನಿನ ನಕ್ಷೆ ಇರೋದು ಅವರ ತಲೆಯಲ್ಲಿ. ಪಕ್ಕದ ದಾವಣಗೆರೆಯಲ್ಲಿ 1951ರಿಂದ ಯು.ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜಿದೆ. ಅಂತಿಮ ವರ್ಷದ ನಾಲ್ಕು ಮಕ್ಕಳು ಹಳೇ ಲೇಥೊಂದನ್ನು ಬಿಚ್ಚಿ, ಪಕ್ಕದಲ್ಲಿ ಹಿರಿಯ ಮೇಸ್ತ್ರಿಯೊಬ್ಬರನ್ನು ಕೂರಿಸ್ಕೊಂಡು, ಚುಕ್ಕಿ ಗೆರೆ ಹಾಕಲಿ. ಪ್ರಾಜೆಕ್ಟ್ ವರದಿಯಲ್ಲಿ ಆ ಮೇಸ್ತ್ರಿಯ ಹೆಸರು ಮೊದಲು ಬರಲಿ.