ಪಿ53ರ ಬಿಡುಗಡೆ: ಕ್ಯಾನ್ಸರ್ ಸಂಶೋಧನೆಯಲ್ಲಿ ಗಣಕ ಜೀವವಿಜ್ಞಾನ

ಜೀವಕೋಶದ ಬಹುಪಾಲು ಕೆಲಸಗಳು ಪ್ರೋಟೀನುಗಳು ಪರಸ್ಪರ ಅಂಟಿಕೊಳ್ಳುವುದರಿಂದಲೂ ಬೇರ್ಪಡುವುದರಿಂದಲೂ ನಡೆಯುವುದರಿಂದ, ಅನೇಕ ರೋಗಗಳ ಮೂಲವು ಒಂದು ಪ್ರೋಟೀನಿನ ದೋಷದಲ್ಲಿ ಮಾತ್ರವಲ್ಲದೆ ಎರಡು ಪ್ರೋಟೀನುಗಳ ನಂಟು ಹದ ತಪ್ಪುವುದರಲ್ಲಿಯೂ ಇರುತ್ತದೆ. ಇಂತಹ ನಂಟುಗಳನ್ನು ಗಣಿತ, ಭೌತವಿಜ್ಞಾನ ಹಾಗೂ ಕಂಪ್ಯೂಟರಿನ ನೆರವಿನಿಂದ ಪರಿಶೀಲಿಸುವುದು ಗಣಕ ಜೀವವಿಜ್ಞಾನದ ಮುಖ್ಯ ಕಾರ್ಯಗಳಲ್ಲೊಂದು. ಅದರ ಶಕ್ತಿ ಮತ್ತು ಮಿತಿಗಳೆರಡನ್ನೂ ಪಿ53 ಹಾಗೂ ಎಂಡಿಎಂ2 ಎಂಬ ಪ್ರೋಟೀನುಗಳ ಅಧ್ಯಯನವು ಸ್ಪಷ್ಟವಾಗಿ ತೋರಿಸುತ್ತದೆ.

1979ರಲ್ಲಿ ಪತ್ತೆಯಾದ ಪಿ53 ಎಂಬುದು 393 ಅಮೈನೋ ಆಮ್ಲಗಳ, ಅಂದರೆ ಪ್ರೋಟೀನನ್ನು ಕಟ್ಟುವ ಘಟಕಗಳ, ಸರಪಳಿಯಾಗಿದ್ದು, ಡಿಎನ್‌ಎಗೆ ಹಾನಿಯಾದಾಗ ಕೋಶದ ವಿಭಜನೆಯನ್ನು ತಡೆಯುತ್ತದೆ ಮತ್ತು ದುರಸ್ತಿ ಸಾಧ್ಯವಾಗದಿದ್ದರೆ ಆ ಕೋಶವನ್ನೇ ಸಾಯುವಂತೆ ಮಾಡುತ್ತದೆ. ಎಂಡಿಎಂ2 ಇದಕ್ಕೆ ಅಂಟಿಕೊಂಡು ಇದರ ಕೆಲಸವನ್ನು ತಡೆಹಿಡಿಯುವುದಲ್ಲದೆ, ಇದನ್ನು ನಾಶಪಡಿಸಬೇಕೆಂಬ ಗುರುತನ್ನೂ ಹಾಕುತ್ತದೆ. ಆರೋಗ್ಯವಂತ ಕೋಶಕ್ಕೆ ಈ ಕಡಿವಾಣ ಬೇಕೇ ಬೇಕು. ಆದರೆ ಸುಮಾರು ಅರ್ಧದಷ್ಟು ಕ್ಯಾನ್ಸರುಗಳಲ್ಲಿ ಪಿ53ರ ಜೀನೇ ಕೆಟ್ಟಿದ್ದರೆ, ಕೊಬ್ಬಿನ ಅಂಗಾಂಶದಲ್ಲಿ ಹುಟ್ಟುವ ಲೈಪೋಸಾರ್ಕೋಮಾದಂತಹ ಗೆಡ್ಡೆಗಳಲ್ಲಿ ಹಲವು ಬಾರಿ ಎಂಡಿಎಂ2 ಮಿತಿಮೀರಿ ತಯಾರಾಗಿ, ಸುಸ್ಥಿತಿಯಲ್ಲಿರುವ ಪಿ53 ಕೂಡ ನಿಷ್ಕ್ರಿಯವಾಗುತ್ತದೆ.

1996ರಲ್ಲಿ ಕ್ಷ-ಕಿರಣಗಳ ಮೂಲಕ ಈ ಜೋಡಿಯ ರಚನೆ ತಿಳಿದಾಗ, ಪಿ53ರ 19, 23 ಮತ್ತು 26ನೆಯ ಸ್ಥಾನಗಳ ಮೂರು ಅಮೈನೋ ಆಮ್ಲಗಳು ಎಂಡಿಎಂ2ರ ಕುಳಿಯೊಳಗೆ ಆಳವಾಗಿ ಕೂರುತ್ತವೆ ಎಂಬುದು ಕಂಡುಬಂತು. ಒಂದೊಂದು ಅಮೈನೋ ಆಮ್ಲವನ್ನು ಅಲನೀನ್ ಎಂಬ ಚಿಕ್ಕ ಘಟಕಕ್ಕೆ ಬದಲಿಸಿದರೆ ಹಿಡಿತ ಎಷ್ಟು ಸಡಿಲವಾಗುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿಯೇ ಲೆಕ್ಕಹಾಕಬಹುದು. ಕುಳಿಯಲ್ಲಿ ಯಾವ ಔಷಧದ ಅಣು ಹೊಂದಿಕೊಳ್ಳಬಲ್ಲದು ಎಂಬುದನ್ನು ಡಾಕಿಂಗ್ ವಿಧಾನವೂ, ಕುಳಿಯ ಆಕಾರ ಕ್ಷಣಕ್ಷಣಕ್ಕೂ ಹೇಗೆ ಬದಲಾಗುತ್ತದೆ ಎಂಬುದನ್ನು ಅಣುಚಲನೆಯ ಅನುಕರಣೆಯೂ ಅಂದಾಜಿಸುತ್ತವೆ. ಇಂತಹ ಲೆಕ್ಕಗಳಿಗೆ ಆಧಾರವಾಗುವ ಪ್ರೋಟೀನ್ ರಚನೆಯ ಮಾದರಿಗಳು ಸರಿಯಾಗಿವೆಯೇ ಎಂದು ಪರೀಕ್ಷಿಸಲು, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಜಿ. ಎನ್. ರಾಮಚಂದ್ರನ್ ಮತ್ತು ಸಹೋದ್ಯೋಗಿಗಳು 1963ರಲ್ಲಿ ಪ್ರಕಟಿಸಿದ ನಕ್ಷೆಯನ್ನು ಇಂದಿಗೂ ಬಳಸಲಾಗುತ್ತದೆ.

2004ರಲ್ಲಿ ವರದಿಯಾದ ನಟ್ಲಿನ್ ಎಂಬ ಅಣುಗಳು ಆ ಕುಳಿಯನ್ನು ತಾವೇ ಆಕ್ರಮಿಸಿ ಪಿ53ನ್ನು ಬಿಡಿಸಬಲ್ಲವೆಂದು ಪ್ರಯೋಗಾಲಯದಲ್ಲಿ ಸಾಬೀತಾಯಿತು. ಆದರೆ ಈ ಬಗೆಯ ಔಷಧಗಳನ್ನು ರೋಗಿಗಳಿಗೆ ಕೊಟ್ಟಾಗ, ಮೂಳೆಮಜ್ಜೆಯ ಆರೋಗ್ಯವಂತ ಕೋಶಗಳಲ್ಲಿಯೂ ಪಿ53 ಎಚ್ಚೆತ್ತು, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗಳು ಕುಸಿಯುವುದು ದೊಡ್ಡ ತೊಡಕಾಯಿತು. ಒಂದು ಜೋಡಿಯ ಲೆಕ್ಕವು ಇಡೀ ದೇಹದ ಲೆಕ್ಕವಾಗಲಾರದು; ಆದುದರಿಂದ ಗಣಕವು ಸೂಚಿಸುವ ಉತ್ತರವನ್ನು ಪ್ರಯೋಗಾಲಯವೂ ಚಿಕಿತ್ಸಾ ಪರೀಕ್ಷೆಯೂ ಒಪ್ಪಿದ ಬಳಿಕವೇ ಅದನ್ನು ಔಷಧವೆಂದು ಕರೆಯುವುದು ಯೋಗ್ಯ.